ಫೋಟೋಗೆ ಮಿಂಚಿದ ಡಬ್ಬಿಗಳು

ಮ್ಯಾನೇಜರ್: ವರದೀಲಿ 'ತಪ್ಪು ಯಾರದು' ಅನ್ನೋ ಜಾಗದಲ್ಲಿ 'ಮುಚ್ಚಳದ್ದು' ಅಂತ ಬರೆದಿದೀರಲ್ಲ ಸಿಸ್ಟರ್, ನಾನೀಗ ಮುಚ್ಚಳಕ್ಕೆ ನೋಟಿಸ್ ಕೊಡಬೇಕಾ?

ಸಿಸ್ಟರ್: ಕೊಟ್ಟು ನೋಡಿ ಸಾರ್. ನಮ್ಮ ಹಾಗೆ ಎದುರು ಮಾತಾಡಲ್ಲ ಅದು.

ಮ್ಯಾನೇಜರ್: ತಮಾಷೆ ಸಾಕು. ಅಲ್ಲಿ ಒಬ್ಬ ಮನುಷ್ಯನ ಹೆಸರು ಬರಬೇಕು.

ಸಿಸ್ಟರ್: ಒಬ್ಬರದೇ ಆಗಿದ್ದರೆ ಬರೀತಿದ್ದೆ. ಎಲ್ಲರದೂ ಬರೆಯೋಕೆ ಜಾಗ ಸಾಲಲಿಲ್ಲ.

ಮಹಿಳಾ ವಾರ್ಡಿನ ಪಕ್ಕದ ಆ ಚಿಕ್ಕ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಆಸ್ಪತ್ರೆಯ ಮ್ಯಾನೇಜರು ಕೂತಿದ್ದರು. ಹಿರಿಯ ಸಿಸ್ಟರು ನಿಂತಿದ್ದರು. ನಿನ್ನೆ ರಾತ್ರಿ ಎಂಟಕ್ಕೆ ಪಾಳಿಗೆ ಬಂದವರು, ಬೆಳಿಗ್ಗೆ ಬದಲಿಯವರು ಬಾರದೆ ಈ ಮಧ್ಯಾಹ್ನ ಎರಡರವರೆಗೂ ನಿಂತೇ ಇದ್ದರು. ಮೂವತ್ತೆರಡು ಮಂಚಕ್ಕೆ ಅವರೊಬ್ಬರೇ. ಕಾಲುಗಳು ತಮ್ಮವೋ ಬಾಡಿಗೆಯವೋ ಎಂಬ ಅನುಮಾನ ಅವರಿಗೆ ಹತ್ತು ಗಂಟೆಗೇ ಶುರುವಾಗಿತ್ತು.

ನಡೆದದ್ದು ಇಷ್ಟು. ಹನ್ನೊಂದು ಗಂಟೆಗೆ 'ಬಿ.ಪಿ.' ಎಂದು ಬರೆದ ಮುಚ್ಚಳ ತೆಗೆದು, ಡಬ್ಬಿಯಿಂದ ಒಂದು ಮಾತ್ರೆಯನ್ನು ಒಂಬತ್ತನೇ ಮಂಚದ ಅಜ್ಜಿಯ ಅಂಗೈಗೆ ಹಾಕಿದರು. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಇದು ನಂದಲ್ಲ ಕಣಮ್ಮ, ನನ್ನದಕ್ಕೆ ನಡುವೆ ಒಂದು ಗೀರು ಇರುತ್ತೆ" ಎಂದರು. ನೋಡಿದರೆ ಅದು ಸಕ್ಕರೆ ಕಾಯಿಲೆಯ ಮಾತ್ರೆ. ಅಜ್ಜಿಗೆ ಸಕ್ಕರೆ ಕಾಯಿಲೆಯೇ ಇಲ್ಲ, ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಸಿಸ್ಟರು ಅಷ್ಟು ಹೆದರಿದ್ದು ಅದೇ ಮೊದಲು. ಹೆದರಿಕೆ ಇಳಿಯುವ ಮುಂಚೆಯೇ ಕೂತು ವರದಿ ಬರೆದಿದ್ದರು.

ಮ್ಯಾನೇಜರ್: ಅಜ್ಜಿ ನುಂಗಿದ್ರಾ?

ಸಿಸ್ಟರ್: ಇಲ್ಲ.

ಮ್ಯಾನೇಜರ್: ಮತ್ತೆ? ಆಗದೇ ಇರೋದನ್ನ ಬರೆದರೆ ಅದು ವರದಿ ಅಲ್ಲ, ಕಥೆ.

ಸಿಸ್ಟರ್: ಆದಮೇಲೆ ಬರೆದರೂ ವರದಿ ಅಲ್ಲ ಸಾರ್, ಮರಣ ಪ್ರಮಾಣಪತ್ರ.

ಮ್ಯಾನೇಜರು ಹಣೆ ಒತ್ತಿಕೊಂಡರು. ಅವರ ಕಷ್ಟ ಅವರಿಗೆ. ನಾಳೆ ಆಸ್ಪತ್ರೆಗೆ ತಪ್ಪಿಲ್ಲದ ಇನ್ನೂರನೇ ದಿನ. ದೊಡ್ಡವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ.

ಮ್ಯಾನೇಜರ್: ಬಾಗಿಲಿಗೆ ಕಟ್ಟೋಕೆ ಫ್ಲೆಕ್ಸ್ ಬಂದಾಗಿದೆ. 'ಇನ್ನೂರು ದಿನ, ಒಂದು ತಪ್ಪೂ ಇಲ್ಲ.' ಈಗ ಏನು ಮಾಡಲಿ, ಹೇಳಿ.

ಮೂಲೆಯಲ್ಲಿ ಬೆಡ್‌ಶೀಟು ಮಡಚುತ್ತಿದ್ದ ಆಯಾ ತಲೆ ಎತ್ತಲಿಲ್ಲ, ಬಾಯಿ ಮಾತ್ರ ತೆರೆದರು.

ಆಯಾ: 'ಒಂದು ತಪ್ಪೂ ಬರೆದಿಲ್ಲ' ಅಂತ ಹಾಕಿಸಿ ಸಾರ್. ಸುಳ್ಳು ಹೇಳಿದ ಹಾಗಾಗಲ್ಲ.

ಮ್ಯಾನೇಜರ್: ನಿಮ್ಮನ್ನ ಯಾರು ಕೇಳಿದ್ರು?

ಆಯಾ: ಯಾರೂ ಕೇಳಲ್ಲ. ಅದಕ್ಕೇ ನಾನೇ ಹೇಳ್ತೀನಿ.

ಮ್ಯಾನೇಜರ್: ಅಲ್ಲ ಸಿಸ್ಟರ್, ಡಬ್ಬಿ ಮೇಲೆ ಹೆಸರಿಲ್ವಾ?

ಸಿಸ್ಟರ್: ಡಬ್ಬಿ ಮೇಲಿಲ್ಲ, ಮುಚ್ಚಳದ ಮೇಲಿದೆ. ಮೊದಲು ಔಷಧಿ ಕಂಪನಿಯವರ ಡಬ್ಬಿಗಳೇ ಇದ್ದವು. ಒಂದು ಕೆಂಪು, ಒಂದು ಹಸಿರು, ಕಣ್ಣು ಮುಚ್ಚಿದ್ರೂ ಗೊತ್ತಾಗ್ತಿತ್ತು. ಕಪಾಟು ಸಂತೆ ಥರ ಕಾಣುತ್ತೆ ಅಂತ ನೀವೇ ಎಲ್ಲಾನೂ ಬಿಳಿ ಡಬ್ಬಿಗೆ ಸುರಿಸಿದ್ರಿ. ಮುಂದೆ ಚೀಟಿ ಅಂಟಿಸಿದ್ರೆ ಫೋಟೋ ಕೆಡುತ್ತೆ, ಮೇಲೆ ಅಂಟಿಸಿ ಅಂದವರೂ ನೀವೇ.

ಮ್ಯಾನೇಜರ್: ಮೇಲೆ ಅಂಟಿಸಿ ಅಂದೆ, ಅದಲುಬದಲು ಮಾಡಿ ಅಂದ್ನಾ? ಮುಚ್ಚಳಕ್ಕೇನು ಕಾಲು ಬಂದಿತ್ತಾ?

ಆಯಾ: ಕಾಲಲ್ಲ ಸಾರ್, ಕೈ. ನಂದು.

ಸಿಸ್ಟರು ಕಣ್ಣಲ್ಲೇ ಬೇಡವೆಂದರು. ಆಯಾ ಅತ್ತ ನೋಡಲೇ ಇಲ್ಲ.

ಆಯಾ: ಡಬ್ಬಿಗಳು ನಾಳೆ ಮಿರಮಿರ ಮಿಂಚಬೇಕು ಅಂತ ಬೆಳಿಗ್ಗೆ ನೀವು ಹೇಳಿ ಹೋದ್ರಿ. ಎಲ್ಲಾ ಮುಚ್ಚಳ ಬಿಚ್ಚಿ ಒರೆಸಿದೆ. ತಿರುಗಿ ಹಾಕಿದೆ. ಎಲ್ಲಾ ಒಂದೇ ಅಳತೆ, ಸರಿಯಾಗೇ ಕೂತವು. ನನಗೆ ಓದು ಬರಲ್ಲ ಅಂತ ನಿಮಗೂ ಗೊತ್ತು.

ಮ್ಯಾನೇಜರ ಮುಖ ಒಮ್ಮೆಲೇ ಅರಳಿತು. ಜೇಬಿನಿಂದ ಪೆನ್ನು ಹೊರಗೆ ಬಂತು.

ಮ್ಯಾನೇಜರ್: ನೋಡಿ, ಸಿಕ್ಕಿಬಿಟ್ರಲ್ಲ. ಇಷ್ಟು ಹೊತ್ತು ಸುಮ್ಮನೆ ಎಳೆದಾಡಿದ್ವಿ. ಆಯಾ ಅಜಾಗರೂಕತೆ, ಕೆಲಸದಿಂದ ತೆಗೆದಿದೆ, ಸಮಸ್ಯೆ ಬಗೆಹರಿದಿದೆ. ಇದಕ್ಕೆ ನಾಳಿದ್ದಿನ ತಾರೀಖು ಹಾಕೋಣ.

ಸಿಸ್ಟರ್: ಡಬ್ಬಿ?

ಮ್ಯಾನೇಜರ್: ಡಬ್ಬಿಗೇನು, ಚೆನ್ನಾಗೇ ಇದೆ.

ಸಿಸ್ಟರು ಆಯಾ ಕಡೆ ನೋಡಿದರು. ಹನ್ನೆರಡು ವರ್ಷದಿಂದ ಜೊತೆಗಿರುವ ಹೆಂಗಸು. ರೋಗಿ ಕರೆಯುವ ಮೊದಲೇ ಮಂಚದ ಹತ್ತಿರ ಹೋಗಿ ನಿಲ್ಲುವವರು. ಇನ್ನು ಇವರು ಮನೆಯಲ್ಲಿ, ಬಿಳಿ ಡಬ್ಬಿಗಳು ಕಪಾಟಿನಲ್ಲಿ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮ್ಯಾನೇಜರು ಪೆನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಮ್ಯಾನೇಜರ್: ನಿಮ್ಮಿಂದ ತಲೆ ಸಿಡೀತಿದೆ. ಒಂದು ತಲೆನೋವಿನ ಮಾತ್ರೆ ಕೊಡಿ ಸಿಸ್ಟರ್.

ಸಿಸ್ಟರು ಕಪಾಟಿನ ಕಡೆ ಹೋಗಿ, ಬೆನ್ನು ತಿರುಗಿಸಿ ಒಂದು ಕ್ಷಣ ನಿಂತು, ಕಾಗದದ ಚೂರಿನ ಮೇಲೆ ಒಂದು ಬಿಳಿ ಮಾತ್ರೆ ತಂದಿಟ್ಟರು. ಆಯಾ ನೀರು ತಂದರು. ಮ್ಯಾನೇಜರು ಮಾತ್ರೆಯನ್ನು ತುಟಿಯವರೆಗೆ ಒಯ್ದವರು ಅಲ್ಲೇ ನಿಲ್ಲಿಸಿದರು.

ಮ್ಯಾನೇಜರ್: ಇದು... ಆ ಬಿಳಿ ಡಬ್ಬೀದಾ?

ಸಿಸ್ಟರ್: ಕಪಾಟಲ್ಲಿ ಬಿಳಿ ಡಬ್ಬಿ ಬಿಟ್ಟು ಇನ್ನೇನೂ ಕಾಣಬಾರದು ಅಂತ ನಿಮ್ಮದೇ ಆರ್ಡರ್ ಇದೆಯಲ್ಲ ಸಾರ್.

ಮ್ಯಾನೇಜರ್: ತಲೆನೋವಿಂದೇ ತಾನೆ?

ಸಿಸ್ಟರ್: ನುಂಗಿ ಸಾರ್. ನೂರ ತೊಂಬತ್ತೊಂಬತ್ತು ದಿನದಿಂದ ಇಲ್ಲಿ ಒಂದು ತಪ್ಪೂ ಆಗಿಲ್ಲ.

ಮ್ಯಾನೇಜರ್: ಇದಕ್ಕೆ ನಡುವೆ ಗೀರು ಇದೆಯಲ್ರೀ.

ಆಯಾ: ಕೆಲವಕ್ಕೆ ಇರುತ್ತೆ ಸಾರ್.

ಮ್ಯಾನೇಜರ್: ಕೆಲವಕ್ಕೆ ಅಂದ್ರೆ ಯಾವುದಕ್ಕೆ?

ಆಯಾ: ನನಗೇನು ಗೊತ್ತು? ಅಜಾಗರೂಕತೆ ನಂದು.

ಫ್ಯಾನು ತಿರುಗುತ್ತಿದ್ದರೂ ಮ್ಯಾನೇಜರ ಹಣೆಯಲ್ಲಿ ಬೆವರು ಮೂಡಿತು. ಮಾತ್ರೆಯನ್ನು ಬೆಳಕಿಗೆ ಹಿಡಿದರು, ಮೂಸಿದರು, ಮತ್ತೆ ಕಾಗದದ ಮೇಲಿಟ್ಟರು. ಕೊನೆಗೆ ದನಿ ತಗ್ಗಿಸಿದರು.

ಮ್ಯಾನೇಜರ್: ಒಂಬತ್ತನೇ ಮಂಚದ ಅಜ್ಜಿ ಎಚ್ಚರ ಇದಾರಾ? ಅವರಿಗೆ ಒಂದ್ಸಲ ತೋರಿಸಿಬಿಡಿ.

ಸಿಸ್ಟರ್: ಅವರು ರೋಗಿ ಸಾರ್. ಸಂಬಳದ ಮೇಲಿಲ್ಲ.

ಮ್ಯಾನೇಜರು ಮಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ವರದಿಯನ್ನು ಎಳೆದುಕೊಂಡು ಇವತ್ತಿನದೇ ತಾರೀಖು ಹಾಕಿದರು. ಕೆಳಗೆ 'ಹಳೇ ಡಬ್ಬಿಗಳನ್ನು ಇಂದೇ ವಾಪಸು ತರಿಸತಕ್ಕದ್ದು' ಎಂದು ಬರೆದರು. ಸಿಸ್ಟರು ಕದಲಲಿಲ್ಲ. 'ಒಬ್ಬರಿಗೆ ಎರಡು ಪಾಳಿ ಹಾಕತಕ್ಕದ್ದಲ್ಲ' ಎಂಬುದೂ ಅದರ ಕೆಳಗೆ ಬಂತು. ಸಹಿ ಬಿತ್ತು. ಶಾಯಿ ಆರುವ ಮೊದಲೇ ಆಯಾ ಕಾಗದ ಎತ್ತಿಕೊಂಡು ಹೊರಟರು. ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ಆಸ್ಪತ್ರೆ ಅದುವರೆಗೆ ಕಂಡಿರಲಿಲ್ಲ.

ಸಿಸ್ಟರು ಏಪ್ರನ್ ಜೇಬಿನಿಂದ ಒಂದು ಮಾತ್ರೆ ಖಾಲಿಯಾದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು.

ಸಿಸ್ಟರ್: ಈಗ ಧೈರ್ಯವಾಗಿ ನುಂಗಿ. ಹೆಸರು ಹಿಂದೆ ಬರೆದಿದೆ, ಓದ್ಕೊಳ್ಳಿ. ಇದು ನನ್ನ ಸ್ವಂತದ್ದು. ಹದಿನೆಂಟು ಗಂಟೆ ನಿಂತರೆ ನನಗೂ ತಲೆ ನೋಯುತ್ತೆ. ಆ ಡಬ್ಬಿಗಳಿಗೆ ಹನ್ನೊಂದು ಗಂಟೆಗೇ ಬೀಗ ಹಾಕಿದೀನಿ.

ಮ್ಯಾನೇಜರ್: ಅಲ್ರೀ, ಡಬ್ಬಿ ನಂಬೋ ಹಾಗಿಲ್ಲ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ?

ಸಿಸ್ಟರ್: ಹೇಳಿದ್ದೆ ಸಾರ್. ನೀವು ಅದನ್ನ ಕಥೆ ಅಂದ್ರಿ.