ವಿಲ್ಲಾದ ಕುರ್ಚಿಯಲ್ಲಿ ಯತೀಶ

ಎಲ್ಲ ಕೆಟ್ಟಿದ್ದು ಒಂದು ಫೋಟೋದಿಂದ.

ಆ ಫೋಟೋದಲ್ಲಿ ಯತೀಶ ಈಜಿ ಬಂದವರು ಮೈಗೆ ಸುತ್ತಿಕೊಳ್ಳುವ ಬಿಳಿ ಗೌನು ತೊಟ್ಟು, ಕಪ್ಪು ಕನ್ನಡಕ ಏರಿಸಿ, ಕಾಲು ಚಾಚುವ ಉದ್ದನೆಯ ಕುರ್ಚಿಯ ಮೇಲೆ ಒರಗಿಕೊಂಡು ಎಳನೀರು ಕುಡಿಯುತ್ತಿದ್ದಾನೆ. ಮುಂದೆ ನೀಲಿ ಈಜುಕೊಳ, ಅದರಾಚೆ ಸಮುದ್ರ, ಹಿಂದೆ ಹಸಿರು ಗುಡ್ಡ. ಗೌನಿನ ಒಳಗೆ ಲುಂಗಿಯಿತ್ತು, ಅದು ಕಾಣುವುದಿಲ್ಲ. ಕುರ್ಚಿಯ ಕೆಳಗೆ ಕಾಯಿ ಕೊಚ್ಚುವ ಮಚ್ಚಿತ್ತು, ಅದೂ ಕಾಣುವುದಿಲ್ಲ.

ಯತೀಶ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುವವನು. ಒಮ್ಮೊಮ್ಮೆ ಲಾರಿ ಜೊತೆಗೇ ಹೋಗಿ ಇಳಿಸಿ ಬರುವವನು. ಹಾಗೆ ಒಂದು ಲೋಡು ಬೈಂದೂರಿನ ಕಡೆಯ ವಿಲ್ಲಾ ಒಂದಕ್ಕೆ ಹೋಗಿತ್ತು. ತೆಂಗಿನ ತೋಟದ ನಡುವೆ ಕಟ್ಟಿದ ವಿಲ್ಲಾಕ್ಕೆ ಎಳನೀರು ಮದ್ದೂರಿನಿಂದ ಹೋಗಬೇಕು, ಯಾಕೆಂದರೆ ಅಲ್ಲಿನ ಮರಗಳು ಇರುವುದು ಫೋಟೋಕ್ಕೆ. ಎರಡು ದಿನ ಇದ್ದು ಹೋಗುವ ಜನಕ್ಕೆ ಗುಡ್ಡವೂ ಬೇಕು, ಸಮುದ್ರವೂ ಬೇಕು, ಅಷ್ಟು ದೊಡ್ಡ ಸಮುದ್ರದ ಪಕ್ಕದಲ್ಲೇ ಈಜಲು ಇನ್ನೊಂದು ನೀರಿನ ಗುಂಡಿಯೂ ಬೇಕು. ಕಾಯಿ ಇಳಿಸುವವನು ಕೈ ತೊಳೆಯಲು ನೀರು ಕೇಳಿದರೆ ಹಿಂದಿನ ಗೇಟಿನ ಆಚೆ ನಲ್ಲಿ ತೋರಿಸುತ್ತಾರೆ.

ಅವತ್ತು ಅತಿಥಿಗಳು ದೋಣಿಯಲ್ಲಿ ಹೋಗಿದ್ದರು. ಅವರ ಗೌನು ಕುರ್ಚಿಯ ಮೇಲೆ ಬಿದ್ದಿತ್ತು. ಲಾರಿ ಡ್ರೈವರು "ಆಕ್ಕಳ್ಲಾ, ಒಂದ್ ಫೋಟೋ ಒಡೀತೀನಿ" ಅಂದ. ಯತೀಶ ಹಾಕಿಕೊಂಡ, ಕೂತ, ಎಳನೀರು ಎತ್ತಿದ. ಗಾಬರಿಯಲ್ಲಿ ಒಂದೆರಡು ಗುಟುಕು ಎದೆಯ ಮೇಲೆ ಚೆಲ್ಲಿಕೊಂಡ. ಗೌನನ್ನು ಇದ್ದ ಜಾಗದಲ್ಲೇ ಇಟ್ಟು ಬಂದ. ಅಷ್ಟೇ ನಡೆದದ್ದು.

ಆದರೆ ಫೋಟೋ ಹೆಣ್ಣು-ಗಂಡು ಕೂಡಿಸುವ ಅಂಕಯ್ಯನ ಕೈಗೆ ಸಿಕ್ಕಿತು. ಕಬ್ಬಿನ ಗದ್ದೆಯ ಮುಂದೆ ನಿಂತ ಯತೀಶನ ಹಳೆಯ ಫೋಟೋ ನೋಡಿ ಯಾವ ಹೆಣ್ಣಿನ ಕಡೆಯವರೂ ತಿರುಗಿ ಫೋನು ಮಾಡಿರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು, ನೆತ್ತಿಯ ಕೂದಲು ತೆಳುವಾಗಿತ್ತು, ತಾಯಿ ಮಾಯಮ್ಮ ಬೇರೆಯವರ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಳು. ಅಂಕಯ್ಯ ಹಳೆಯ ಫೋಟೋ ತೆಗೆದು ಹೊಸದನ್ನು ಊರೂರಿಗೆ ಕಳಿಸಿದ.

ಭಾನುವಾರ ಬೆಳಿಗ್ಗೆ ಯತೀಶ ಹಲ್ಲುಜ್ಜುತ್ತಿದ್ದಾಗ ಅಂಕಯ್ಯನ ಫೋನು ಬಂತು.

"ಯತೀಸ, ಎದ್ದಿದ್ದೀಯೇನ್ಲಾ? ಪೂರಿಗಾಲಿಯಿಂದ ಎಣ್ಣಿನ್ ಕಡೆಯೋರು ಮನೆ ನೋಡಕ್ಕೆ ಒಂಟವ್ರೆ. ಮದ್ಯಾನ್ಕೆ ಬತ್ತಾರೆ."

"ಇವತ್ತೇನಾ ಅಂಕಣ್ಣ?"

"ಇವತ್ತೇ ಕಣ್ಲಾ. ಲಿಂಗಯ್ಯ ಅಂತ, ಮಗ್ಳು ಗಗನ. ಆ ಎಣ್ಣೇ ನಿನ್ ಫೋಟೋ ನೋಡಿ, ಇವ್ನ ಮನೇನ ನಾನು ನೋಡ್ಲೇಬೇಕು ಅಂತ ಅಟ ಇಡ್ದು ಕುಂತವ್ಳಂತೆ. ಅವ್ಳೂ ಬತ್ತಾವ್ಳೆ. ನನ್ ಸರ್ವೀಸಲ್ಲೇ ಇಂಗಾಗಿರ್ಲಿಲ್ಲ."

ಯತೀಶನ ಬಾಯಿಯಲ್ಲಿದ್ದ ಪೇಸ್ಟು ಗಂಟಲಿಗಿಳಿಯಿತು. ಯಾವ ಹೆಣ್ಣೂ ಅವನನ್ನು ಕಂಡು ಹಠ ಹಿಡಿದಿರಲಿಲ್ಲ.

"ಇನ್ನೊಂದ್ ಇಸ್ಯ," ಅಂದ ಅಂಕಯ್ಯ. "ಆ ಮನೆ ಯಾರ್ದು ಅಂತ ಕೇಳುದ್ರು. ನಿಂದೇ ಅಂದ್ಬುಟ್ಟೆ."

ಫೋನು ಕಟ್ಟಾಯಿತು.

ಯತೀಶ ಅಡುಗೆಮನೆಗೆ ಓಡಿದ. "ಅವ್ವಾ, ಬಂದ್ ತಕ್ಷಣ ನಿಜ ಯೋಳ್ಬುಡ್ತೀನಿ."

"ಯೋಳು. ಉಂಡಾದ್ ಮ್ಯಾಲೆ ಯೋಳು," ಅಂದಳು ಮಾಯಮ್ಮ, ಆಗಲೇ ಒಬ್ಬಟ್ಟಿಗೆ ಬೇಳೆ ಹಾಕುತ್ತ. "ಎಲೆಗೆ ಕೈ ಇಡೋಗಂಟ ಬಾಯ್ ಬುಟ್ರೆ ನಿನ್ನ ಇದೇ ಒಲೆಗೆ ಆಕ್ತೀನಿ."

ಅದು ಆ ಕಡೆಯ ಕಟ್ಟುಪಾಡು. ಮನೆ ನೋಡಲು ಬಂದವರು ಒಪ್ಪಿಗೆಯಾಗದಿದ್ದರೆ ನೀರು ಕುಡಿದು ಎದ್ದು ಹೋಗುತ್ತಾರೆ. ಎಲೆ ಮುಂದೆ ಕೂತು ಉಂಡರೋ, ಸಂಬಂಧ ಕುದುರಿತು. ಉಂಡ ಮೇಲೆ ಒಲ್ಲೆ ಅಂದವರನ್ನು ಯಾರೂ ಕಂಡಿರಲಿಲ್ಲ. ಯತೀಶನ ಮನೆಯಲ್ಲಿ ಇದುವರೆಗೆ ಬಂದವರೆಲ್ಲ ನೀರು ಕುಡಿದವರೇ. ಮಾಯಮ್ಮನ ತಾಮ್ರದ ಚೊಂಬು ನೀರು ಕೊಟ್ಟು ಕೊಟ್ಟೇ ಸವೆದಿತ್ತು.

ಸುದ್ದಿ ಗೋಡೆಯಾಚೆ ಹೋಗಲು ಫೋನು ಬೇಕಿರಲಿಲ್ಲ. ಪಕ್ಕದ ಮನೆಯ ದೊಡ್ಡಪ್ಪ ಕೆಂಪಯ್ಯ ಟವೆಲು ಕೊಡವುತ್ತ ಬಂದ.

"ಸಮುದ್ರದತ್ರ ಮನೆ ಇರೋನ ಊರ್‌ಮನೇಲಿ ಒಂದ್ ಈಜುಕೊಳಾನೂ ಬ್ಯಾಡ್ವೇನ್ಲಾ?" ಅಂದವನೇ ಹಿತ್ತಲಿನ ದನದ ನೀರಿನ ತೊಟ್ಟಿಯ ಕಡೆ ನೋಡಿದ. ಮಗಳ ಮದುವೆಗೆ ತಂದು ಉಳಿದಿದ್ದ ನೀಲಿ ಬಣ್ಣ ಅವನಲ್ಲಿತ್ತು. ಯತೀಶ ಬೇಡವೆನ್ನುವಷ್ಟರಲ್ಲಿ ತೊಟ್ಟಿಯ ಎರಡು ಗೋಡೆ ನೀಲಿಯಾಗಿದ್ದವು. ಮೂರನೆಯದಕ್ಕೆ ಬಣ್ಣ ಸಾಲಲಿಲ್ಲ.

ಅಷ್ಟರಲ್ಲಿ ಭಾರತೀನಗರದಿಂದ ಗೆಳೆಯ ಶಾದಾಬ್ ಬಂದ. ಗ್ಯಾರೇಜಿನವನು. ಬಂದದ್ದು ಬಿಳಿ ಕಾರಿನಲ್ಲಿ, ಕಾರಿಗೆ ಸೇವಂತಿಗೆ ಹಾರ ಬೇರೆ.

"ಯಾರ್ದೋ ಇದು?"

"ಗೊಬ್ಬರದಂಗಡಿ ಮರಿಸಿದ್ದಯ್ಯಂದು. ಬ್ರೇಕ್ ನೋಡು ಅಂತ ಬಿಟ್ಟವ್ರೆ. ನಾಳೆ ತಾನೇ ಕೇಳೋದು? ಇವತ್ತೊಂದಿನ ನಿಂದು."

"ಬ್ರೇಕು?"

"ಇಲ್ಲ. ಅದಕ್ಕೇ ಮೆಲ್ಲಗೆ ಬಂದೆ," ಅಂದ ಶಾದಾಬ್, ಚಕ್ರಕ್ಕೆ ಕಲ್ಲು ಕೊಡುತ್ತ. ಆಮೇಲೆ ತನ್ನ ಇಸ್ತ್ರಿ ಮಾಡಿದ ಅಂಗಿಯನ್ನೂ ಬಿಚ್ಚಿ ಕೊಟ್ಟ. ಯತೀಶನ ಒಂದು ಅಂಗಿಯೂ ಹೊರಗೆ ಹಾಕುವಂತಿರಲಿಲ್ಲ. ಎಳನೀರಿನ ಕಲೆ ಬಿದ್ದ ಬಟ್ಟೆ ಒಗೆದಷ್ಟೂ ಕಂದು ತಿರುಗುತ್ತದೆ, ಹರಿಯುವವರೆಗೂ ಹೋಗುವುದಿಲ್ಲ. ಅಂಗೈಗೂ ಅದೇ ಬಣ್ಣ ಹತ್ತಿತ್ತು. "ಕೈ ಜೇಬಲ್ಲೇ ಇರ್ಲಿ," ಅಂದಳು ಮಾಯಮ್ಮ.

ಟೆಂಪೋ ಬಂದು ನಿಂತಾಗ ಬಿಸಿಲು ನೆತ್ತಿಗೇರಿತ್ತು. ಲಿಂಗಯ್ಯ ಇಳಿದ, ಅವನ ಹೆಂಡತಿ ಇಳಿದಳು, ಹೆಂಡತಿಯ ತಮ್ಮ, ಅಜ್ಜಿ, ಇನ್ನೂ ನಾಲ್ಕಾರು ಜನ. ಸಾವಿನ ಮನೆಗೆ ಬಂದವರಂತೆ ಒಬ್ಬರ ಮುಖದಲ್ಲೂ ನಗುವಿಲ್ಲ. ಕೊನೆಗೆ ಇಳಿದವಳು ಗಗನ. ಹತ್ತಿಯ ಸೀರೆ, ಬಿಗಿದು ಕಟ್ಟಿದ ಜಡೆ. ಅವಳು ಯತೀಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಷ್ಟು ಹೊತ್ತು ಒಂದು ಹೆಣ್ಣು ತನ್ನನ್ನೇ ನೋಡಿದ್ದಕ್ಕೆ ಯತೀಶ ಹೊಸ ಬಸ್ಸಿನ ಹಾಗೆ ಮಿಂಚಿದ.

ಮಾಯಮ್ಮ ಚೊಂಬು ತಂದಳು. ಎಲ್ಲರೂ ಕಾಲು ತೊಳೆದರು. ನೀರು ಕುಡಿಯಲಿಲ್ಲ. ಅದೇ ಒಳ್ಳೆಯ ಲಕ್ಷಣವೆಂದು, ಅಷ್ಟರಲ್ಲಿ ಬಂದು ಸೇರಿದ್ದ ಅಂಕಯ್ಯ ಕಣ್ಣು ಮಿಟುಕಿಸಿದ.

"ಈ ಕಡೆ ಬನ್ನಿ, ಈಜುಕೊಳ ನೋಡಿ," ಅಂತ ಕೆಂಪಯ್ಯ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದ. ತೊಟ್ಟಿಯ ತುಂಬ ಅವನದೇ ಎಮ್ಮೆ ಇಳಿದು, ತಲೆ ಮಾತ್ರ ಮೇಲಿಟ್ಟು ಮೆಲುಕು ಹಾಕುತ್ತಿತ್ತು. ಹಸಿ ಬಣ್ಣ ತಾಗಿ ಅದರ ಒಂದು ಕೊಂಬು ನೀಲಿಯಾಗಿತ್ತು.

ಕೆಂಪಯ್ಯ ಎಮ್ಮೆಯ ಕಡೆ ಕೈ ತೋರಿಸಿದ. "ಆಳ ಸರ್ಯಾಗೈತಾ ಅಂತ ಟೆಸ್ಟಿಂಗಿಗೆ ಬುಟ್ಟಿದ್ದೀವಿ," ಅಂದ.

ಬೀಗರಾಗಬೇಕಾದವರು ಎಮ್ಮೆಯನ್ನು ನೋಡಿದರು, ಎಮ್ಮೆ ಅವರನ್ನು ನೋಡಿತು. ಯಾರೂ ನಗಲಿಲ್ಲ.

ಜಗುಲಿಗೆ ಬಂದು ಕೂತ ಮೇಲೆ ಲಿಂಗಯ್ಯ ಕೇಳಿದ. "ಆ ಸಮುದ್ರದ ಮನೆಗೆ ಆಗಾಗ ಓಯ್ತಿರ್ತೀಯಪ್ಪಾ?"

ಯತೀಶ ಬಾಯಿ ತೆರೆದ. ಕೆಂಪಯ್ಯ ಮುಗಿಸಿದ. "ವಾರ್ವಾರ! ಇತ್ತಗೆ ಗುಡ್ಡ, ಅತ್ತಗೆ ಸಮುದ್ರ. ಬೆಳಿಗ್ಗೆ ಬಾಗ್ಲು ತೆಗುದ್ರೆ ಮೀನು ಒಸಲಿಗೇ ಬಂದ್ ಬಿದ್ದಿರ್ತವೆ." ಕೆಂಪಯ್ಯ ಕಂಡಿದ್ದ ಅತಿ ದೊಡ್ಡ ನೀರು ಅಂದರೆ ವಿಶ್ವೇಶ್ವರಯ್ಯ ನಾಲೆ.

"ಅಲ್ಲಿ ಕೆಲಸಕ್ಕೆ ಜನ ಅವ್ರಾ?" ಅಂದಳು ಗಗನ. ಅದೇ ಅವಳ ಮೊದಲ ಮಾತು.

"ಬೇಜಾನ್ ಅವ್ರೆ ಕಣವ್ವ," ಅಂದ ಅಂಕಯ್ಯ. "ಒಂದ್ ಲೋಟ ಎತ್ತಕ್ಕೂ ಒಬ್ರು."

"ನಾನು ಅವ್ರುನ್ನ ಕೇಳ್ದೆ." ಗಗನ ಯತೀಶನ ಕಡೆ ತಿರುಗಿದಳು. "ಅಲ್ಲಿ ಬಟ್ಟೆ ಒಗಿಯೋರು ಯಾರು? ಅವ್ರೆಸ್ರೇನು?"

ಯತೀಶನಿಗೆ ತಿಳಿಯಲಿಲ್ಲ. ಅವನು ಕಾಯಿ ಇಳಿಸಿದ ದಿನ ಹಗ್ಗದ ಮೇಲೆ ಬಿಳಿ ಬಟ್ಟೆ ಸಾಲಾಗಿ ಒಣಗುತ್ತಿದ್ದುದು ನೆನಪಿತ್ತು. ಒಗೆದವರು ನೆನಪಿರಲಿಲ್ಲ.

"ಎಸ್ರು ಗೊತ್ತಿಲ್ಲ," ಅಂದ. ಅವತ್ತು ಆ ಜಗುಲಿಯ ಮೇಲೆ ಹುಟ್ಟಿದ ಮೊದಲ ನಿಜ ಅದು.

ಆಗ ಬೀದಿಯಲ್ಲಿ ಬೈಕು ನಿಂತಿತು. ಮರಿಸಿದ್ದಯ್ಯ! ಗ್ಯಾರೇಜಿಗೆ ಹೋಗಿ, ಕಾರು ಕಾಣದೆ, ಅವರಿವರನ್ನು ಕೇಳಿಕೊಂಡು ಬಂದಿದ್ದ. ತನ್ನ ಕಾರಿಗೆ ಬಿದ್ದಿದ್ದ ಸೇವಂತಿಗೆ ಹಾರ ಕಂಡು ಹುಬ್ಬು ಮೇಲೇರಿತು. ಬನಿಯನ್ನಿನಲ್ಲಿದ್ದ ಶಾದಾಬ್ ಮೆಲ್ಲಗೆ ಕಂಬದ ಹಿಂದೆ ಸರಿದ.

ಕೆಂಪಯ್ಯ ತಡಮಾಡಲಿಲ್ಲ. "ಓ, ಬಂದ್ಯಾ? ಇವ್ನು ನಮ್ ಡ್ರೈವರು."

"ಯಾರ್ಲಾ ಡ್ರೈವರು?" ಮರಿಸಿದ್ದಯ್ಯ ಕೂಗಿದ ಕೂಗಿಗೆ ಎಮ್ಮೆ ತೊಟ್ಟಿಯಲ್ಲೇ ಎದ್ದು ನಿಂತಿತು. "ನನ್ ಕಾರಿಗೆ ನಾನೇ ಡ್ರೈವರಾ? ಲೇ ಸಾದಾಬ, ಕೀ ಕೊಡ್ಲಾ!" ಕೀ ಕಿತ್ತುಕೊಂಡು, ಕಲ್ಲನ್ನು ಒದ್ದು, ಕಾರು ಏರಿ ಹೊರಟೇಬಿಟ್ಟ.

"ಅಣ್ಣ, ಬ್ರೇಕಿಲ್ಲ! ಬ್ರೇಕಿಲ್ಲ!" ಅಂತ ಶಾದಾಬ್ ಹಿಂದೆ ಓಡಿದ. ಬೀದಿ ತಿರುವಿನಲ್ಲಿ ಧಡಾರೆಂಬ ಸದ್ದಾಯಿತು. ಆಮೇಲೆ ಮರಿಸಿದ್ದಯ್ಯನ ಬೈಗುಳ ಕೇಳಿತು, ಬೈಯುವಷ್ಟು ಜೀವವಿದೆಯೆಂದು ಎಲ್ಲರೂ ಉಸಿರು ಬಿಟ್ಟರು. ಕಾರು ತಿಪ್ಪೆಗೆ ನುಗ್ಗಿತ್ತು.

ಮುಗಿಯಿತು ಅಂದುಕೊಂಡ ಯತೀಶ. ಇನ್ನು ಚೊಂಬಿನ ನೀರೇ ಗತಿ. ಅಡುಗೆಮನೆಯ ಬಾಗಿಲಲ್ಲಿ ಮಾಯಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಮಗಳ ಮುಖ ನೋಡಿದ. ಅವಳು ಹೂಂ ಅನ್ನುವಂತೆ ತಲೆಯಾಡಿಸಿದಳು.

"ಎಲೆ ಆಕ್ಸವ್ವ," ಅಂದ ಲಿಂಗಯ್ಯ. "ಒಟ್ಟೆ ಅಸ್ದದೆ."

ಮಾಯಮ್ಮನ ಕೈಕಾಲಿಗೆ ರೆಕ್ಕೆ ಬಂತು. ಎಲೆ ಬಿತ್ತು, ಒಬ್ಬಟ್ಟು ಬಿತ್ತು, ಅದರ ಮೇಲೆ ತುಪ್ಪ ಹರಿಯಿತು. ಕೆಂಪಯ್ಯ, ಅಂಕಯ್ಯ, ಬೀದಿಯ ಅರ್ಧ ಜನ ಉಸಿರು ಹಿಡಿದು ನಿಂತರು. ಲಿಂಗಯ್ಯ ಎಲೆಗೆ ಕೈಯಿಟ್ಟ. ಅಜ್ಜಿ ಇಟ್ಟಳು. ಗಗನ ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡಳು.

ಅಂಕಯ್ಯ ಮೇಲಕ್ಕೆ ನೋಡಿ ಕೈಮುಗಿದ.

ಅವರು ಉಂಡ ಬಗೆಯನ್ನು ಆ ಬೀದಿ ಮರೆಯುವುದಿಲ್ಲ. ಮಾತಿಲ್ಲ, ಸಾಕೆನ್ನುವುದಿಲ್ಲ. ಕಬ್ಬಿನ ಗಾಣಕ್ಕೆ ಜಲ್ಲೆ ಕೊಟ್ಟ ಹಾಗೆ ಇಟ್ಟದ್ದೆಲ್ಲ ಒಳಗೆ ಹೋಯಿತು. ಗಗನ ಮತ್ತೆ ಮತ್ತೆ ಒಬ್ಬಟ್ಟು ಕೇಳಿದಳು. ಕೊನೆಗೆ ಅನ್ನದ ಪಾತ್ರೆಯ ತಳ ಸೌಟಿಗೆ ತಾಗಿ ಸದ್ದಾಯಿತು. ಮಾಯಮ್ಮ ಬಡಿಸುತ್ತಲೇ ಅಳುತ್ತಿದ್ದಳು. ಬೀಗರ ದೊಡ್ಡ ಮನಸ್ಸಿಗೆ ಅತ್ತಳು.

ಕೈ ತೊಳೆದಾದ ಮೇಲೆ ಯತೀಶ ತಡೆಯಲಾರದೆ ಮುಂದೆ ಬಂದ. ಜೇಬಿನಿಂದ ಕೈ ಹೊರಗೆ ತೆಗೆದ.

"ಮಾವ, ಆ ಮನೆ ನಂದಲ್ಲ. ನಾನು ಎಳನೀರ್ ಲೋಡ್ ಇಳ್ಸಕ್ಕೆ ಓಗಿದ್ದೆ."

"ಗೊತ್ತು," ಅಂದ ಲಿಂಗಯ್ಯ.

"ಗೊತ್ತಿದ್ದೂ ಉಂಡ್ರಲ್ಲ, ದೇವ್ರಂಥೋರು!" ಕೆಂಪಯ್ಯ ಎಲೆಅಡಿಕೆಯ ತಟ್ಟೆ ಮುಂದೆ ತಂದ. "ಅಂಕಯ್ಯ, ತಾಂಬೂಲ ಬದ್ಲಾಯ್ಸುಬುಡಾವ."

ಲಿಂಗಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಮಾವ ಅನ್ಬ್ಯಾಡ ಕಣಪ್ಪ. ನಾವು ಎಣ್ಣು ಕೊಡಕ್ಕೆ ಬಂದೋರಲ್ಲ."

ಕೆಂಪಯ್ಯ ತಟ್ಟೆಯನ್ನು ನೆಲಕ್ಕೆ ಕುಕ್ಕಿದ.

"ಉಂಡ್ ಮ್ಯಾಲೆ ಇಂಗಂದ್ರೆ?" ಕೆಂಪಯ್ಯನ ದನಿ ಏರಿತು. "ಯಾವ ಸೀಮೆ ಜನ ನೀವು?"

"ನಿಮ್ ಉಡ್ಗ ನಮ್ಮನೆ ಅನ್ನ ಉಂಡ. ಅದುಕ್ಕೆ ಒಂದೊತ್ತು ನಾವು ನಿಮ್ಮನೇಲಿ ಉಂಡೋ. ಮಗ್ಳೆ, ನೀನೇ ಯೋಳು."

ಗಗನ ಸೆರಗಿನಿಂದ ಕೈ ಒರೆಸಿಕೊಂಡಳು. "ಆ ವಿಲ್ಲಾದಲ್ಲಿ ಬಟ್ಟೆ ಒಗೀತಿದ್ದೋಳು ನಾನು. ನೀನು ಆಕ್ಕಂಡಿದ್ದ ಗೌನು ನಾನು ಒಗ್ದಿದ್ದು. ದೋಣಿಯಿಂದ ಬಂದ ಆಯಮ್ಮ ಗೌನ್ ಮ್ಯಾಲೆ ಕಲೆ ನೋಡಿ ಮ್ಯಾನೇಜರ್ನ ಕರುದ್ಲು. ಕೆಲಸದೋಳೇ ಆಕ್ಕಂಡು ಮೆರ್ದವ್ಳೆ ಅಂದ್ರು. ನಾನಲ್ಲ ಅಂದೆ. ಮತ್ತಿನ್ಯಾರು ಅಂದ್ರು. ಕೆಲಸ ಬುಡ್ಸಿ ಸಂಜೆ ಬಸ್ಸಿಗೇ ಅತ್ತುಸ್ಬುಟ್ರು. ಮತ್ತಿನ್ಯಾರು ಅಂತ ನಂಗೂ ಗೊತ್ತಿರ್ಲಿಲ್ಲ, ಅಂಕಯ್ಯನೋರು ಫೋಟೋ ಕಳ್ಸೋಗಂಟ."

ಅಂಕಯ್ಯ ತನ್ನ ಫೋನನ್ನು ಹಾವು ಹಿಡಿದವನಂತೆ ದೂರ ಹಿಡಿದ.

"ಕಲೆ ನಂದೇ ಅಂತ ನಾನು ಬಂದ್ ಯೋಳ್ತೀನಿ," ಅಂದ ಯತೀಶ.

"ಯಾರ್ಗೆ? ನನ್ ಜಾಗುಕ್ಕೆ ಆಗ್ಲೇ ಬೇರೆಯೋಳ ಇಟ್ಕಂಡವ್ರೆ. ಅವ್ಳ ಎಸ್ರೂ ನಿಂಗ್ ಗೊತ್ತಾಗಲ್ಲ ಬುಡು."

ಟೆಂಪೋ ಸ್ಟಾರ್ಟಾಯಿತು. ಒಬ್ಬೊಬ್ಬರಾಗಿ ಹತ್ತಿದರು. ಮಾಯಮ್ಮ ಖಾಲಿ ಪಾತ್ರೆಯ ಮುಂದೆ ಕೂತಿದ್ದಳು. ಈಗಲೂ ಅಳುತ್ತಿದ್ದಳು, ಆದರೆ ಯಾವುದಕ್ಕೆಂದು ಅವಳನ್ನು ಯಾರೂ ಕೇಳಲಿಲ್ಲ. ಗಗನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ ತಿರುಗಿದಳು.

"ಅಲ್ಲಿರೋಗಂಟ ದಿನಾ ಆ ಕುರ್ಚಿ ಒರ್ಸಿದ್ದೀನಿ. ಒಂದ್ ದಿನಾನೂ ಕುಂತಿಲ್ಲ. ನೀನು ಕುಂತಿದ್ದೆಯಲ್ಲ, ಯೋಳು. ಎಂಗಿತ್ತು?"

ಬೀದಿಯೆಲ್ಲ ಯತೀಶನ ಬಾಯಿ ನೋಡಿತು. ಈ ಸಲ ಅವನ ಪರವಾಗಿ ಕೆಂಪಯ್ಯ ಉತ್ತರ ಕೊಡಲಿಲ್ಲ.

"ಬಿಸ್ಲಿಗೆ ಕಾದು ಕೆಂಡ ಆಗಿತ್ತು ಕಣಮ್ಮ," ಅಂದ ಯತೀಶ. "ಕುಂಡಿ ಸುಟ್ಟೋಯ್ತು. ಫೋಟೋ ಒಡ್ದ್ ತಕ್ಷಣ ಎದ್ಬುಟ್ಟೆ."

"ಅಷ್ಟೇನಾ?"

"ಅಷ್ಟೇ."