ಮಾವನ ಅಂಗಳದಲ್ಲಿ ನಾನೇ ಲಿಫ್ಟ್

ನನ್ನ ಸೋದರಮಾವನಿಗೆ ಲಿಫ್ಟ್ ಕಂಡರೆ ಆಗುವುದಿಲ್ಲ. ಇದರಲ್ಲೇನು ವಿಶೇಷ ಅನ್ನುತ್ತೀರಾ? ಮೂವತ್ತು ವರ್ಷ ಮೈಸೂರಿನ ಲಿಫ್ಟುಗಳನ್ನೇ ರಿಪೇರಿ ಮಾಡಿ ಸಂಸಾರ ಸಾಕಿದವರು ಅವರು! ಮದುವೆಗೆ ಹೋದರೆ ಮೂರನೇ ಮಹಡಿಯ ಊಟದ ಹಾಲಿಗೆ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ. ತಲುಪುವಷ್ಟರಲ್ಲಿ ಮೊದಲ ಪಂಕ್ತಿಯವರು ಕೈತೊಳೆಯುತ್ತಿರುತ್ತಾರೆ. ಕೇಳಿದರೆ, ಒಳಗಿನ ಸಂಗತಿ ತಿಳಿದವನು ಹತ್ತುವುದಿಲ್ಲ ಎನ್ನುತ್ತಾರೆ, ಅದೂ ಲಿಫ್ಟಿಗೆ ಕಾಯುತ್ತಿರುವವರ ಮುಂದೆ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ಎಂಜಿನಿಯರಿಂಗಿನ ಡಿಜಿಟಲ್ ಡಿಸೈನ್ ಲ್ಯಾಬ್ ನನಗೆ ಎರಡು ಸಲ ಕೈಕೊಟ್ಟಿತ್ತು. ಮೂರನೇ ಸಲವೂ ಹೋದರೆ ಒಂದು ವರ್ಷ ಮಣ್ಣುಪಾಲು. ಓದು ಸಾಕು ಎಂದು ಅಪ್ಪ ಆಗಲೇ ಶುರುಮಾಡಿದ್ದರು. "ಈ ಸಲ ಪಾಸಾಯ್ತಾಳೆ ಬುಡಿ ಭಾವ, ಜವಾಬ್ದಾರಿ ನಂದು" ಎಂದುಬಿಟ್ಟರು ಮಾವ. ಪಾಠ ಯಾವುದೆಂದೂ ಕೇಳದೆ!

ನನ್ನ ತಲೆಗೆ ಹತ್ತದ ಪಾಠ ಸ್ಟೇಟ್ ಮಷೀನ್. ಯಂತ್ರ ಯಾವಾಗಲೂ ಕೆಲವೇ ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ಗುಂಡಿ ಒತ್ತಿದ್ದರೆ, ಒಳಗಿನ ಗಡಿಯಾರ ಮಿಡಿದಾಗ ಇನ್ನೊಂದಕ್ಕೆ ಹೋಗುತ್ತದೆ. ಇಷ್ಟು ವಿವರಿಸಿದ್ದೇ ತಡ, ಇದು ಲಿಫ್ಟ್ ಅಲ್ಲವೇ ಎಂದು ಮಾವ ಸೀಮೆಸುಣ್ಣ ಹಿಡಿದು ರಾಮಕೃಷ್ಣನಗರದ ತಮ್ಮ ಮನೆಯ ಅಂಗಳಕ್ಕೆ ನಡೆದರು. ಅತ್ತೆಯ ರಂಗೋಲಿಯ ಪಕ್ಕದಲ್ಲೇ ನಾಲ್ಕು ವೃತ್ತ ಬಿದ್ದವು: ಬಾಗಿಲು ತೆರೆದು ನಿಂತದ್ದು, ಮುಚ್ಚಿ ನಿಂತದ್ದು, ಏರುವುದು, ಇಳಿಯುವುದು. ಲಿಫ್ಟ್ ನಾನೇ. ಮಾವ ಗುಂಡಿಯ ಹೆಸರು ಕೂಗಿ ಚಪ್ಪಾಳೆ ತಟ್ಟಿದಾಗ ಮಾತ್ರ ವೃತ್ತ ಬದಲಿಸಬೇಕು. ಚಪ್ಪಾಳೆಗೆ ಮೊದಲೇ ಕಾಲೆತ್ತಿದರೆ ಮತ್ತೆ ಮೊದಲಿನಿಂದ. ಎದುರುಮನೆಯವರು ಕಾಫಿ ಲೋಟ ಹಿಡಿದು ಗೇಟಿಗೇ ಬಂದು ನಿಂತರು.

ಮೂರನೇ ದಿನ ಮಾವ "ಮೇಲಕ್ಕೆ" ಎಂದು ಚಪ್ಪಾಳೆ ತಟ್ಟಿದರು. ನಾನು ತೆರೆದ ಬಾಗಿಲಿನ ವೃತ್ತದಿಂದ ನೇರವಾಗಿ ಏರುವ ವೃತ್ತಕ್ಕೆ ಹಾರಿದೆ. ಎದುರುಮನೆಯವರು ನಕ್ಕರು, ಮಾವ ನಗಲಿಲ್ಲ.

"ಬಾಗಿಲು ತೆರ್ಕೊಂಡೇ ಮೇಲಕ್ ಓಗ್ಬುಟ್ಟೆ. ಅರ್ಧ ಕಾಲಿಟ್ಟಿದ್ದವನ ಗತಿ ಏನು ಕಣಮ್ಮ?"

ಅಂಥ ಅಪಘಾತವೊಂದನ್ನು ಅವರು ಕಣ್ಣಾರೆ ಕಂಡಿದ್ದರೆಂದು ಅತ್ತೆ ಆಮೇಲೆ ಹೇಳಿದರು. ಅವತ್ತಿನಿಂದ ಪ್ರತಿ ವೃತ್ತದಿಂದಲೂ ಪ್ರತಿ ಗುಂಡಿಗೂ ಬಾಣ ಬರೆಯಲೇಬೇಕಾಯಿತು, ಇದ್ದಲ್ಲೇ ಸುಮ್ಮನಿರುವುದಕ್ಕೂ.

ಪರೀಕ್ಷೆಯಲ್ಲಿ ಬಂದದ್ದು ರಸ್ತೆಯ ಸಿಗ್ನಲ್. ನಡೆದು ದಾಟುವವರಿಗೊಂದು ಗುಂಡಿ. ಎಲ್ಲ ಪ್ರೋಗ್ರಾಮಾಗಿ ಬರೆದು, ಪುಟ್ಟ ದೀಪಗಳಿದ್ದ ಸರ್ಕ್ಯೂಟ್ ಬೋರ್ಡಿಗೆ ಹಾಕಿದೆ. ಗುಂಡಿಯನ್ನು ಎರಡನೇ ಸಲ ಒತ್ತಿದರೆ ವಾಹನಕ್ಕೂ ಹಸಿರು, ಜನಕ್ಕೂ ಹಸಿರು! ಉಳಿದದ್ದು ಇಪ್ಪತ್ತು ನಿಮಿಷ. ಬರೆದ ಸಾಲುಗಳಲ್ಲಿ ತಪ್ಪು ಎಲ್ಲಿದೆಯೋ ಕಣ್ಣಿಗೆ ಬೀಳಲಿಲ್ಲ. ಎದ್ದು ನಿಂತು ಇಲ್ಲದ ವೃತ್ತಗಳಲ್ಲಿ ಒಂದೊಂದೇ ಹೆಜ್ಜೆ ಇಡತೊಡಗಿದೆ. ಏನಮ್ಮ ಇದು ಎಂದರು ಪರೀಕ್ಷಕರು. ಜನ ದಾಟುತ್ತಿರುವ ವೃತ್ತದಲ್ಲಿ ನನ್ನ ಕಾಲು ನಿಂತಿತು. ಅಲ್ಲಿ ಮತ್ತೆ ಗುಂಡಿ ಒತ್ತಿದರೆ ಏನಾಗಬೇಕೆಂದು ನಾನು ಬರೆದೇ ಇರಲಿಲ್ಲ. ಅಲ್ಲೇ ಇರು ಎಂದು ಒಂದು ಸಾಲು ಸೇರಿಸಿದೆ. ದೀಪಗಳು ಸರಿಯಾಗಿ ಉರಿದವು. ಪಾಸು ಎಂದು ಪರೀಕ್ಷಕರು ಸಹಿ ಹಾಕಿದರು.

ಕಾಲೇಜಿನ ಗೇಟಿನ ಹೊರಗೆ ಮಾವ ನಿಂತಿದ್ದರು. ಬೆಳಿಗ್ಗೆ ನನ್ನನ್ನು ಇಳಿಸಿದವರು ಮನೆಗೆ ಹೋಗಿಯೇ ಇಲ್ಲ ಎಂದು ಎಳನೀರಿನವನು ಹೇಳಿದ. ಏನಾಯಿತೆಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲ. ನನ್ನ ಬ್ಯಾಗು ತೆಗೆದುಕೊಂಡು, ಊಟ ಮಾಡಿದೆಯಾ ಎಂದರು.

"ಪಾಸಾದೆ ಮಾವ."

ತಟ್ಟನೆ ಸ್ಕೂಟರಿನ ಕಡೆ ತಿರುಗಿ ಕಿಕ್ ಹೊಡೆದರು. ಮತ್ತೆ ಹೊಡೆದರು. ನಾಲ್ಕು ಸಲವಾದರೂ ಅದು ಶುರುವಾಗಲಿಲ್ಲ. ಕೀ ಅವರ ಜೇಬಿನಲ್ಲೇ ಇತ್ತು. ಹೇಳೋಣವೆಂದು ಮುಂದೆ ಹೋದೆ. ಕನ್ನಡಕದ ಹಿಂದೆ ಕಣ್ಣು ತುಂಬಿ ಹರಿಯುತ್ತಿತ್ತು. ನನಗೂ ಅಳು ಬಂತು.

"ಒಸಿ ತಡಿ ಮಗ" ಎಂದರು. ನಾನು ಹಿಂದಿನ ಸೀಟಿನಲ್ಲಿ ಕೂತು, ಅವರ ಬೆನ್ನಿನ ಮೇಲೆ ಕೈಯಿಟ್ಟು ಕಾದೆ.