ಆಯ್ತಪ್ಪನ ಹಲ್ಲು

ಬೆಳಗ್ಗೆ ಹೇಳಿದ ಒಂದು ಸುಳ್ಳು ಸಂಜೆಯೊಳಗೆ ಆಯ್ತಪ್ಪನ ದವಡೆಗೇ ಕೈ ಹಾಕಿತು.

ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರು ಕೇಳುವ ಗುಮಾಸ್ತ ಅವನು. ಯಾರು ಫೋನ್ ಮಾಡಿದರೂ "ಆಯ್ತು, ಇವತ್ತೇ ಕಳಿಸ್ತೀನಿ" ಅನ್ನುವವನು. ಇರುವ ಒಬ್ಬ ಮೆಕ್ಯಾನಿಕ್ಕನ್ನು ಒಂದೇ ಹೊತ್ತಿಗೆ ನಾಲ್ಕು ಕಟ್ಟಡಗಳಿಗೆ ಹಂಚಿ, ನಾಲ್ಕೂ ಕಡೆಯ ಬೈಗುಳವನ್ನು ತಾನೊಬ್ಬನೇ ನುಂಗುವವನು. ಆಯ್ತಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು.

ಯಾರದೋ ಭಾನುವಾರದ ಡ್ಯೂಟಿ ಒಪ್ಪಿಕೊಂಡು ಮಗಳ ಶಾಲೆಯ ನಾಟಕ ತಪ್ಪಿಸಿಕೊಂಡಾಗ ಅವಳು ಕೇಳಿದ್ದಳು: "ಅಪ್ಪ, ನೀನು ಎಲ್ಲರಿಗೂ ಆಯ್ತು ಅಂತೀಯ. ನಂಗೆ ಹೇಳೋದು ನಿಜವಾದ ಆಯ್ತು ಅಂತ ಹೇಗೆ ಗೊತ್ತಾಗ್ಬೇಕು?"

ಸುಟ್ಟ ಬದನೆಕಾಯಿಯಂತಾದ ಮುಖ ಹೊತ್ತು ಅವನು ಗುಟ್ಟಾಗಿ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋಗಿದ್ದ. ಆಕೆ ನಗಲಿಲ್ಲ. "ಇದು ಹುಚ್ಚಲ್ಲ, ಭಯ. ಇಲ್ಲ ಅಂದ್ರೆ ಜನ ಕೈಬಿಡ್ತಾರೆ ಅನ್ನೋ ಭಯ. ಮಾತಾಡ್ತಾ, ಅಭ್ಯಾಸ ಮಾಡ್ತಾ ಕಮ್ಮಿಯಾಗುತ್ತೆ. ಮುಂದಿನ ಸಲ ಬರೋದ್ರೊಳಗೆ ಒಬ್ಬರಿಗಾದ್ರೂ 'ಆಗಲ್ಲ' ಅಂದು ಬನ್ನಿ" ಅಂದಿದ್ದರು. ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ಅವನಿಗೆ ಕಣ್ತುಂಬ ನಿದ್ದೆ ಬಂದಿತ್ತು.

ಆ ಮುಂದಿನ ಸಲವೇ ಇವತ್ತು. 'ಆಗಲ್ಲ' ಮಾತ್ರ ಇನ್ನೂ ನಾಲಿಗೆ ದಾಟಿರಲಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅನ್ನಲು ನಾಚಿಕೆಯಾಗಿ, ಮನೆಯಲ್ಲೂ ಆಫೀಸಿನಲ್ಲೂ "ಹಲ್ಲು ಕೀಳಿಸಬೇಕು" ಅಂದುಬಿಟ್ಟಿದ್ದ.

"ಕಿತ್ತ ಹಲ್ಲು ನಂಗೆ ತಂದ್ಕೊಡ್ತೀಯಾ ಅಪ್ಪ? ನನ್ನ ಬಿದ್ದ ಹಲ್ಲಿನ ಪಕ್ಕ ಡಬ್ಬೀಲಿ ಇಡ್ತೀನಿ" ಅಂದಳು ಮಗಳು.

"ಆಯ್ತು" ಅಂದ. ಕೀಳಿಸದ ಹಲ್ಲಿಗೂ ಆಯ್ತು!

ಆಫೀಸಿನಲ್ಲಿ ಟೈಪಿಸ್ಟ್ ಅಕ್ಕ ಬಾಯಿಗೆ ಲವಂಗ ತುರುಕಿದಳು. ಲೆಕ್ಕಿಗರು ಕೆನ್ನೆ ಒತ್ತಿ, "ಊತ ಒಳಗಡೆ ಇದೆ, ಅದೇ ಡೇಂಜರ್ರು" ಎಂದು ತೀರ್ಪು ಕೊಟ್ಟರು. ಇವನು ಹೊರಡುವಾಗ, ಯಾರಿಗೂ ಅರ್ಧ ದಿನದ ರಜೆ ಕೊಟ್ಟು ಗೊತ್ತಿಲ್ಲದ ಹೆಡ್ ಸಾಹೇಬರೇ ಎದ್ದು ನಿಂತರು.

"ಒಬ್ಬರೇ ಹೋಗ್ಬೇಡ್ರೀ. ನಾನೂ ಬರ್ತೀನಿ."

"ಆಯ್ತು ಸರ್."

ಆಯ್ತಪ್ಪ ಹೋಗಬೇಕಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ದಂತವೈದ್ಯರು, ಮೂರನೆಯದರಲ್ಲಿ ಸಮಾಲೋಚಕಿ. ಲಿಫ್ಟ್ ಕೆಟ್ಟಿತ್ತು. "ನಿನ್ನೆಯಿಂದ ಫೋನ್ ಮಾಡ್ತಿದೀವಿ, ಯಾವನೋ ಬರೀ ಆಯ್ತು ಆಯ್ತು ಅಂತಾನೆ" ಅಂದ ಕಾವಲುಗಾರ. ಆಯ್ತಪ್ಪ ನೆಲ ನೋಡುತ್ತ ಮೆಟ್ಟಿಲು ಹತ್ತಿದ. ಎರಡನೇ ಮಹಡಿಯಲ್ಲಿ ಸಾಹೇಬರು ಅವನ ರಟ್ಟೆ ಹಿಡಿದು ಒಳಗೆ ಕೂರಿಸಿದರು.

ವೈದ್ಯರು ಹಲ್ಲುಗಳನ್ನು ಕುಟ್ಟಿ ನೋಡಿದರು. "ಇಲ್ಲಿ ನೋವಾ?"

ಬೆನ್ನ ಹಿಂದೆ ಸಾಹೇಬರು. "ಹೂಂ" ಅಂದ ಆಯ್ತಪ್ಪ.

"ಕೊನೇ ದವಡೆ ಹಲ್ಲು. ಗಟ್ಟಿಯಾಗೇ ಇದೆಯಲ್ರೀ? ಔಷಧಿ ಕೊಟ್ಟು ನೋಡೋಣ."

"ಅರ್ಧಂಬರ್ಧ ಯಾಕೆ ಡಾಕ್ಟ್ರೇ? ಕಿತ್ತುಬಿಡಿ. ಏನ್ರೀ, ಕೀಳಿಸ್ಬಿಡೋಣ ಅಲ್ವಾ?" ಅಂದರು ಸಾಹೇಬರು.

"ಆಯ್ತು ಸರ್."

ಗೋಡೆಯಿಂದ ಗೂಟ ಕಿತ್ತಂತೆ ಹಲ್ಲು ಬಂತು. ಬಾಯಿಗೆ ಹತ್ತಿ ತುರುಕಿ, ಹಲ್ಲನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. "ನಂಗೊಂದು ಸಣ್ಣ ಕೆಲಸ ಇದೆ, ನೀವು ಮನೆಗೆ ನಡೀರಿ" ಎಂದು ಸಾಹೇಬರು ಸರಸರನೆ ಹೊರಟುಹೋದರು.

ಆಯ್ತಪ್ಪ ಹಲ್ಲಿಟ್ಟ ಜೇಬು ಮುಟ್ಟಿ ನೋಡಿಕೊಂಡ. ನೋವಿನಲ್ಲೂ ಸಣ್ಣದೊಂದು ಹಿಗ್ಗು. ಮಗಳಿಗೆ ಕೊಟ್ಟ ಮಾತು ಇವತ್ತು ತನಗೇ ಗೊತ್ತಿಲ್ಲದೆ ನಿಜವಾಗಿತ್ತು! ಮೆಟ್ಟಿಲ ಕಂಬಿ ಹಿಡಿದು ಮೂರನೇ ಮಹಡಿ ಹತ್ತಿದ.

ಸಮಾಲೋಚಕಿಯ ಕೋಣೆಯ ಹೊರಗಿನ ಕುರ್ಚಿಯಲ್ಲಿ ಹೆಡ್ ಸಾಹೇಬರು ಕೂತಿದ್ದರು.

ಇಬ್ಬರ ಮುಖವೂ ಒಟ್ಟಿಗೇ ಕೆಂಪಾಯಿತು.

"ಸಿಟ್ಟು ಕಣ್ರೀ" ಅಂದರು ಸಾಹೇಬರು, ಮೊದಲ ಬಾರಿಗೆ ಮೆಲುದನಿಯಲ್ಲಿ. "ಮನೇಲಿ ಯಾರೂ ಎದುರಿಗೆ ಕೂತು ಊಟ ಮಾಡಲ್ಲ. ಮೂರು ತಿಂಗಳಿಂದ ಬರ್ತಿದೀನಿ. ನೀವು ಹಲ್ಲು ಅಂದಿದ್ದು ನೋಡಿ ನಾನೂ ಹೆಂಡತಿಗೆ ಫೋನ್ ಮಾಡಿ ಅದನ್ನೇ ಹೇಳ್ಬಿಟ್ಟೆ. ನನ್ನ ಬಾಯಲ್ಲಿ ಒಂದು ಹಲ್ಲಿನ ಖಾಲಿ ಜಾಗ ಮೊದಲಿಂದಲೂ ಇದೆ, ಸಾಕ್ಷಿ ಒಂದಿಲ್ಲ..." ಅವರು ಆಯ್ತಪ್ಪನ ಜೇಬಿನ ಕಡೆ ನೋಡಿದರು. "ಆ ಹಲ್ಲು ಕೊಡ್ತೀರಾ?"

ಆಯ್ತಪ್ಪನ ಕಣ್ಣಮುಂದೆ ಮಗಳ ಡಬ್ಬಿ ಬಂತು. ಹತ್ತಿ ತೆಗೆದ. ಬಾಯಿ ತೆರೆದ. 'ಆಗಲ್ಲ' ನಾಲಿಗೆಯ ತುದಿಯಲ್ಲೇ ಇತ್ತು. ಸಾಹೇಬರು ಎರಡೂ ಕೈ ಜೋಡಿಸಿದರು.

"ಆಯ್ತು ಸರ್."

ಅಷ್ಟರಲ್ಲಿ ಬಾಗಿಲು ತೆರೆಯಿತು. "ಬನ್ನಿ, ಯಾರಿಗಾದ್ರೂ ಆಗಲ್ಲ ಅಂದ್ರಾ?" ಎಂದು ಸಮಾಲೋಚಕಿ ನಗುತ್ತ ಕೇಳಿದರು. ಆಯ್ತಪ್ಪ ಹತ್ತಿಯನ್ನು ಮತ್ತೆ ಬಾಯಿಗೆ ತುಂಬಿಕೊಂಡ.

ಸಂಜೆ ಮನೆಯ ಬಾಗಿಲಲ್ಲೇ ಮಗಳು ಡಬ್ಬಿ ತೆರೆದುಕೊಂಡು ನಿಂತಿದ್ದಳು. ಅವನು ಬರಿಗೈ ತೋರಿಸಿದ. ಸುಳ್ಳಲ್ಲ ಅನ್ನಲು ಬಾಯಿಯನ್ನೂ ತೆರೆದು ತೋರಿಸಿದ. ಅವಳು ಒಳಗೆ ಇಣುಕಿ, ಖಾಲಿ ಜಾಗವನ್ನು ಚೆನ್ನಾಗಿ ನೋಡಿದಳು. ಆಮೇಲೆ ಡಬ್ಬಿ ಮುಚ್ಚಿ ಕೇಳಿದಳು:

"ಯಾರು ಕೇಳಿದ್ರು ಅಪ್ಪ?"